ತಪ್ಪಿಗೂ ಒಂದು ಊರಿದೆ

(ಮುಂಬಯಿಯಲ್ಲಿ ಸಂಘವು ಏರ್ಪಡಿಸಿದ್ದ ಹೊರನಾಡ ಕನ್ನಡ ಮಕ್ಕಳ ಪ್ರಬಂಧ ಸ್ಪರ್ಧೆಯ ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರಬಂಧ ಸ್ಪರ್ಧೆಯ ತೀರ್ಪುಗಾರನು ಬಹುಮಾನ ಪಡೆದವರನ್ನು ಅಭಿನಂದಿಸಿ, ಪಡೆಯದವರಿಗೆ ಧೈರ್ಯ ಹೇಳಿ ಕುಳಿತುಕೊಳ್ಳುವುದು ರೂಢಿ. ಈ ಸಲ ಕಾರ್ಯಕಾರಿ ಸಮಿತಿಯವರು ಪ್ರಬಂಧಗಳ ಕಟ್ಟಿನ ಜೊತೆಗೆ ಒಂದು ಪ್ರಶ್ನೆಯನ್ನೂ ನನ್ನ ಮನೆಗೆ ಕಳುಹಿಸಿದ್ದರಿಂದ ಆ ರೂಢಿಯನ್ನು ಮುರಿಯಬೇಕಾಗಿದೆ.

ಪ್ರಶ್ನೆ ಇದು. ಮುಂದಿನ ವರ್ಷದಿಂದ ಕಾಗುಣಿತದ ತಪ್ಪಿಗೆ ಅಂಕ ಕಳೆಯಕೂಡದೆಂದು ಕೆಲವು ಸದಸ್ಯರು ಸೂಚಿಸಿದ್ದಾರೆ. ಹೊರನಾಡಿನ ಮಗು ಕನ್ನಡದಲ್ಲಿ ಒಂದು ಪುಟ ಬರೆಯುವುದೇ ದೊಡ್ಡದು, ಅದರಲ್ಲಿ ಕಲ್ಲು ಹುಡುಕಬೇಡಿ ಎಂಬುದು ಅವರ ವಾದ. ಇನ್ನು ಕೆಲವರು ಇನ್ನೂ ಮುಂದಕ್ಕೆ ಹೋಗಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿದರೂ ಸ್ವೀಕರಿಸಬೇಕು, ಮಕ್ಕಳು ಮೊಬೈಲಿನಲ್ಲಿ ಹೇಗೂ ಹಾಗೆಯೇ ಬರೆಯುತ್ತಾರೆ ಎಂದಿದ್ದಾರೆ. ಇವೆರಡನ್ನೂ ಕೇಳಿ ಸಿಟ್ಟಾದ ಹಿರಿಯರು, ಶುದ್ಧವಾಗಿ ಬರೆಯಲಾರದವರಿಗೆ ಬಹುಮಾನವೇ ಬೇಡ, ನಮ್ಮ ಕಾಲದಲ್ಲಿ ನಾಲ್ಕನೆಯ ತರಗತಿಯ ಹುಡುಗನೂ ತಪ್ಪಿಲ್ಲದೆ ಬರೆಯುತ್ತಿದ್ದನು ಎಂದಿದ್ದಾರೆ. ನನ್ನ ಉತ್ತರ ಮೂರೂ ಪಕ್ಷದವರಿಗೆ ಅರ್ಧರ್ಧ ಮಾತ್ರ ರುಚಿಸೀತು.

ಮೊದಲು ಹಿರಿಯರ ಸಿಟ್ಟನ್ನು ನೋಡೋಣ. ಭಾಷೆ ಕೆಟ್ಟಿತು ಎಂಬ ಕೊರಗು ನಮ್ಮ ವ್ಯಾಕರಣದಷ್ಟೇ ಹಳೆಯದು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಳಕಾರದ ಭೇದಗಳನ್ನು ವಿವರಿಸಿ, ೞಕಾರವಿರುವ ಶಬ್ದಗಳನ್ನು ಎಣಿಸಿ ಹೇಳುತ್ತಾನೆ. ಯಾವ ಶಬ್ದದಲ್ಲಿ ಯಾವ ಳಕಾರ ಎಂದು ಪಟ್ಟಿ ಕೊಡಬೇಕಾಗಿ ಬಂದಿತೆಂದರೆ ಅದನ್ನು ಕಿವಿಯಿಂದಲೇ ಗುರುತಿಸುವವರು ಆಗಲೇ ಕಡಿಮೆಯಾಗಿದ್ದರೆಂದೇ ಅರ್ಥ. ಏೞು ಎಂಬುದು ಏಳು ಆಯಿತು, ಬಾೞೆ ಎಂಬುದು ಬಾಳೆಯಾಯಿತು, ಆಱು ಎಂಬುದು ಆರು ಆಯಿತು. ತಮಿಳರು ಆ ಎರಡು ಅಕ್ಷರಗಳನ್ನು ಇಂದಿಗೂ ಇಟ್ಟುಕೊಂಡಿದ್ದಾರೆ, ನಾವು ಬಿಟ್ಟೆವು, ಬಿಟ್ಟೂ ಬದುಕಿದೆವು. ಪಾಲು ಹಾಲಾದಾಗಲೂ ಯಾರೋ ಒಬ್ಬ ಹಿರಿಯನು ಹಣೆ ಚಚ್ಚಿಕೊಂಡಿರಬೇಕು.

ಹಾಗಾದರೆ ಮಕ್ಕಳ ತಪ್ಪನ್ನೂ ಬದಲಾವಣೆಯೆಂದು ಒಪ್ಪಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಒಪ್ಪಲಾಗದು. ೞಕಾರವನ್ನು ಕನ್ನಡನಾಡೆಲ್ಲ ಒಟ್ಟಾಗಿ ಬಿಟ್ಟಿತು, ಆದುದರಿಂದ ಬರೆದವನ ಬರಹ ಓದಿದವನಿಗೆ ತಿಳಿಯಿತು. ಈಗ ಚೆಂಬೂರಿನ ಹುಡುಗ ಒಂದು ಭೇದವನ್ನು ಬಿಡುತ್ತಾನೆ, ದೆಹಲಿಯ ಹುಡುಗಿ ಬೇರೊಂದನ್ನು ಬಿಡುತ್ತಾಳೆ, ಚೆನ್ನೈಯವನು ಮತ್ತೊಂದನ್ನು. ಇವರು ಒಬ್ಬರಿಗೊಬ್ಬರು ಬರೆದುಕೊಂಡರೆ ಓದಿಕೊಳ್ಳಲಾರರು, ಊರಿನ ಅಜ್ಜಿಗೆ ಬರೆದರೆ ಅಜ್ಜಿಯೂ ಓದಲಾರಳು.

ಇದು ಊಹೆಯ ಮಾತಲ್ಲ. ಈ ವರ್ಷ ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ಸಂಘಗಳ ಮೂಲಕವೂ ಪ್ರಬಂಧಗಳು ಬಂದಿದ್ದವು. ಪಕ್ಷಪಾತವಾಗಬಾರದೆಂದು ಸಮಿತಿಯವರು ಹೆಸರು, ವಿಳಾಸಗಳನ್ನು ಮರೆಮಾಡಿ ಕಳುಹಿಸಿದ್ದರು. ಆದರೆ ಹತ್ತು ಪುಟ ಓದುವಷ್ಟರಲ್ಲಿ ಯಾವ ಪ್ರಬಂಧ ಯಾವ ಊರಿನದೆಂದು ನಾನು ಹೇಳಬಲ್ಲವನಾಗಿದ್ದೆ. ವಿಳಾಸವನ್ನು ತಪ್ಪುಗಳೇ ಹೇಳುತ್ತಿದ್ದವು.

ಮುಂಬಯಿ, ಪುಣೆಯ ಮಕ್ಕಳನ್ನು ತೆಗೆದುಕೊಳ್ಳಿ. ಮರಾಠಿಯ ವರ್ಣಮಾಲೆಯಲ್ಲಿ ಎ, ಏ ಎಂಬ ಭೇದವಿಲ್ಲ, ಒ, ಓ ಎಂಬ ಭೇದವೂ ಇಲ್ಲ. ದೇವನಾಗರಿಯಲ್ಲಿ ಎರಡಕ್ಕೂ ಒಂದೇ ಚಿಹ್ನೆ. ಆದುದರಿಂದ ನಮ್ಮ ಮಗು, ನಮ್ಮ ಊರಿನ ಗದ್ದೆಯಲ್ಲಿ ಈ ಸಲ ಬೇಳೆ ಚೆನ್ನಾಗಿ ಬಂದಿದೆ ಎಂದು ಬರೆಯುತ್ತದೆ, ಹಸುವಿಗೆ ಎರಡು ಕೊಡುಗಳಿವೆ ಎಂದು ಬರೆಯುತ್ತದೆ. ಬೆಳೆಯು ಬೇಳೆಯಾದರೆ ಅಡುಗೆಗಾದರೂ ಬಂದೀತು, ಕೋಡು ಕೊಡುವಾದರೆ ಹಸುವಿನ ಗತಿಯೇನು! ಇನ್ನೊಂದನ್ನು ಗಮನಿಸಿ. ಮರಾಠಿಯ ಶುದ್ಧಲೇಖನದ ನಿಯಮಗಳ ಪ್ರಕಾರ ಪದದ ಕೊನೆಯ ಇಕಾರ, ಉಕಾರಗಳನ್ನು ದೀರ್ಘವಾಗಿ ಬರೆಯಬೇಕು. ನಮ್ಮ ಕವಿ ಅಲ್ಲಿ ಕವೀ, ನಮ್ಮ ಬುದ್ಧಿ ಅಲ್ಲಿ ಬುದ್ಧೀ. ಶಾಲೆಯಲ್ಲಿ ಬುದ್ಧೀ ಎಂದು ಬರೆದು ಪೂರ್ಣ ಅಂಕ ಪಡೆದ ಮಗು ಸಂಘದ ಸ್ಪರ್ಧೆಯಲ್ಲಿಯೂ ಹಾಗೆಯೇ ಬರೆದರೆ ಅದನ್ನು ಬುದ್ಧಿಗೇಡಿಯೆಂದು ಬೈಯಲು ಬರುತ್ತದೆಯೆ? ಆ ಮಗು ಒಂದು ನಿಯಮವನ್ನು ಚೆನ್ನಾಗಿ ಕಲಿತಿದೆ, ಅದು ಬೇರೆ ಭಾಷೆಯ ನಿಯಮ, ಅಷ್ಟೆ. 2020ರ ಕಾಯಿದೆಯ ಮೇರೆಗೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಯಿತು. ಅನ್ನ ಕೊಟ್ಟ ನೆಲದ ಭಾಷೆಯನ್ನು ನಮ್ಮ ಮಕ್ಕಳು ಓದಬೇಕಾದದ್ದು ನ್ಯಾಯವೇ. ಆದರೆ ಇಂಗ್ಲಿಷು, ಹಿಂದಿ, ಮರಾಠಿ ಮೂರನ್ನೂ ಶಾಲೆ ಕಲಿಸುತ್ತದೆ, ನಾಲ್ಕನೆಯದನ್ನು ಮನೆಯವರು ಕಲಿಸಬೇಕು ಎಂಬ ಲೆಕ್ಕವನ್ನು ನಾವು ಮರೆಯಬಾರದು.

ದೆಹಲಿಯ ಕಥೆ ಬೇರೆ. ಹಿಂದಿಯಲ್ಲಿ ಳಕಾರವಿಲ್ಲ. ಬೇಸಿಗೆ ರಜೆಯಲ್ಲಿ ನಾವು ಹಲ್ಲಿಗೆ ಹೋದೆವು, ಹಲ್ಲಿಯಲ್ಲಿ ತುಂಬ ಜನ ಇದ್ದರು ಎಂದು ಒಬ್ಬ ಬಾಲಕಿ ಬರೆದಿದ್ದಳು. ಮರಾಠಿಯಲ್ಲಿ ಳಕಾರವುಂಟು, ಆದುದರಿಂದ ಮುಂಬಯಿಯ ಮಗು ಈ ತಪ್ಪನ್ನು ಮಾಡುವುದಿಲ್ಲ. ಚೆನ್ನೈಯ ಮಕ್ಕಳು ಎ, ಏ ಭೇದವನ್ನು ಸೊಗಸಾಗಿ ಕಾಪಾಡುತ್ತಾರೆ, ತಮಿಳಿನಲ್ಲಿ ಅದು ಇದೆ. ಆದರೆ ತಮಿಳು ಲಿಪಿಯಲ್ಲಿ ಕಕಾರ, ಗಕಾರಗಳಿಗೆ ಒಂದೇ ಅಕ್ಷರ, ತಕಾರ, ದಕಾರಗಳಿಗೆ ಒಂದೇ ಅಕ್ಷರ. ಹೀಗಾಗಿ ಗುಡಿಗೆ ಹೋಗಬೇಕಾದವನು ಕುಡಿಗೆ ಹೋಗುತ್ತಾನೆ, ದಡ ತಡವಾಗುತ್ತದೆ. ಹೈದರಾಬಾದಿನವರ ಕಾಗುಣಿತ ಉಳಿದೆಲ್ಲರಿಗಿಂತ ಚೆನ್ನಾಗಿತ್ತು. ತೆಲುಗು ನಮ್ಮ ಲಿಪಿಯ ತಂಗಿ, ವರ್ಣಮಾಲೆ ಹೆಚ್ಚುಕಡಿಮೆ ಒಂದೇ. ಅವರು ಎಡವಿದ್ದು ಬೇರೆ ಕಡೆ. ಅಕ್ಕ ಊರಿನಿಂದ ಬಂದಿತು ಎಂದು ಒಂದು ಪ್ರಬಂಧದಲ್ಲಿತ್ತು. ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದ ಒಂದೇ ಆಗಿರುವುದರಿಂದ ಬಂದ ತಪ್ಪು ಇದು. ನಮ್ಮದೇ ಹವ್ಯಕ ಮನೆಗಳ ಆಡುಮಾತಿನಲ್ಲಿಯೂ ಹೆಣ್ಣನ್ನು ನಪುಂಸಕದಲ್ಲಿ ಹೇಳುವ ವಾಡಿಕೆ ಇದೆಯೆಂಬುದನ್ನು ಬಲ್ಲವರು ಆ ಹುಡುಗನ ಮೇಲೆ ಕೋಪಿಸಿಕೊಳ್ಳಲಾರರು.

ಇಷ್ಟು ವಿವರವಾಗಿ ಹೇಳಿದ್ದು ಏಕೆಂದರೆ, ತಪ್ಪು ಅಲಕ್ಷ್ಯದಿಂದ ಬರುತ್ತದೆಂದು ನಾವು ತಿಳಿದಿರುವವರೆಗೆ ಅದನ್ನು ತಿದ್ದುವ ದಾರಿ ಸಿಕ್ಕುವುದಿಲ್ಲ. ಬೈದರೆ, ಅಂಕ ಕಳೆದರೆ ಮಗು ಕನ್ನಡ ಬರೆಯುವುದನ್ನೇ ನಿಲ್ಲಿಸುತ್ತದೆ. ತಪ್ಪಿನ ಊರು ಗೊತ್ತಾದರೆ ಮದ್ದು ಸುಲಭ. ಮುಂಬಯಿಯ ಮಗುವಿಗೆ ಎಕಾರ, ಒಕಾರಗಳ ಹ್ರಸ್ವದೀರ್ಘವನ್ನು ಹದಿನೈದು ದಿನ ಕಿವಿಗೆ ಕೇಳಿಸಿ ಬರೆಯಿಸಿದರೆ ಸಾಕು. ಅದಕ್ಕೆ ಮಹಾಪ್ರಾಣದ ಪಾಠ ಹೇಳಿ ದಣಿಯಬೇಕಾಗಿಲ್ಲ.

ಮಹಾಪ್ರಾಣದ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಚಾರ. ಡಾ. ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂಬ ಪುಸ್ತಕವನ್ನು ಪ್ರಕಟಿಸಿದರು. ಕನ್ನಡಿಗರ ನಾಲಗೆಯಲ್ಲಿ ಇಲ್ಲದ ಮಹಾಪ್ರಾಣಾಕ್ಷರಗಳನ್ನು ಬರಹದಿಂದಲೂ ಬಿಡಬೇಕೆಂಬ ಅವರ ಮತ ಎಲ್ಲರಿಗೂ ತಿಳಿದದ್ದೇ. ಹಳ್ಳಿಯ ಶಾಲೆಯ ಮಗುವಿಗೆ ಇಂತಹ ಅಕ್ಷರಗಳು ಹೊರೆಯೆಂಬ ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಅದನ್ನು ಹಾಸ್ಯ ಮಾಡಿದವರ ಪೈಕಿ ನಾನಿಲ್ಲ. ಆದರೆ ನಮ್ಮ ಸ್ಥಿತಿ ವಿಚಿತ್ರವಾಗಿದೆ. ಮುಂಬಯಿಯಲ್ಲಿ ಹುಟ್ಟಿದ ಕನ್ನಡದ ಮಗುವಿಗೆ ಕನ್ನಡ ವರ್ಣಮಾಲೆಯಲ್ಲಿ ಅತ್ಯಂತ ಸುಲಭವಾದದ್ದು ಮಹಾಪ್ರಾಣ! ಬೀದಿಯಲ್ಲಿ ಭಾಜಿ, ಘರ, ಧಂದಾ ಎಂದು ದಿನವೂ ಕೇಳುವ ಕಿವಿ ಅದು. ಅಲ್ಲಿ ತಪ್ಪುವವರು ಮಕ್ಕಳಲ್ಲ, ಊರಿನಿಂದ ಬಂದ ನಾವು ದೊಡ್ಡವರು. ಆಮಂತ್ರಣ ಪತ್ರಿಕೆಗಳನ್ನು ನೋಡಿ. ಹಾರ್ದಿಕ ಎಂದಿರಬೇಕಾದಲ್ಲಿ ಹಾರ್ಧಿಕ, ವಿದ್ಯಾರ್ಥಿ ಎಂದಿರಬೇಕಾದಲ್ಲಿ ವಿಧ್ಯಾರ್ಥಿ. ಇಲ್ಲದ ಕಡೆ ಧಾರಾಳವಾಗಿ ಮಹಾಪ್ರಾಣವನ್ನು ಹಂಚಿ, ಬೇಕಾದ ಕಡೆ ಉಳಿತಾಯ ಮಾಡುತ್ತೇವೆ. ಒಂದು ಸಂಘದ ವಾರ್ಷಿಕೋತ್ಸವದ ಪತ್ರಿಕೆಯಲ್ಲಿ ಮದ್ಯಾಹ್ನದ ಬೋಜನ ಎಂದು ಅಚ್ಚಾಗಿತ್ತು. ಧಕಾರ ದಕಾರವಾದುದರಿಂದ ಊಟದಲ್ಲಿ ಏನು ಬಡಿಸುತ್ತಾರೋ ಎಂಬ ಕುತೂಹಲ ಕೆಲವರಿಗಾದರೂ ಹುಟ್ಟಿರಬಹುದು. ಶುಭ, ಆಶಯ ಎರಡೂ ಕೂಡಿ ಆದ ಶುಭಾಶಯ ಪದವು ಶುಭಾಷಯವಾಗಿ ಬ್ಯಾನರಿನ ಮೇಲೆ ತೂಗಾಡುವುದನ್ನು ನಾವು ಪ್ರತಿ ನವೆಂಬರಿನಲ್ಲಿಯೂ ಕಾಣುತ್ತೇವೆ. ಶಕಾರ, ಷಕಾರಗಳು ನಮ್ಮ ಮಾತಿನಲ್ಲಿ ಬೆರೆತುಹೋಗಿರುವುದರಿಂದ ಕಿವಿ ಇಲ್ಲಿ ನೆರವಿಗೆ ಬರುವುದಿಲ್ಲ. ಇವನ್ನು ಕಲಿಯಬೇಕಾದದ್ದು ಕಣ್ಣಿನಿಂದ, ಅಂದರೆ ಓದಿನಿಂದ. ಕನ್ನಡ ಪುಸ್ತಕವಿಲ್ಲದ ಮನೆಯಲ್ಲಿ ಬೆಳೆದ ಮಗು ಶಕಾರವನ್ನು ಎಲ್ಲಿ ಬರೆಯಬೇಕು, ಷಕಾರವನ್ನು ಎಲ್ಲಿ ಬರೆಯಬೇಕು ಎಂದು ತಿಳಿಯುವುದಾದರೂ ಹೇಗೆ? ಅಂತಹ ತಪ್ಪಿಗೆ ಮಕ್ಕಳ ಅಂಕವನ್ನು ಕಳೆಯಬಾರದೆಂದು ಮೊದಲ ಪಕ್ಷದವರು ಹೇಳಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ.

ಎರಡನೆಯ ಪಕ್ಷದವರ ಇಂಗ್ಲಿಷ್ ಅಕ್ಷರದ ಸೂಚನೆಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಲಿಪಿ ಬದಲಾದರೆ ಭಾಷೆ ಸಾಯುತ್ತದೆ ಎಂಬ ಅಂಧಶ್ರದ್ಧೆಯಿಂದ ಹೇಳುವ ಮಾತಲ್ಲ ಇದು. ಈ ಸಭೆಯಲ್ಲಿ ಅರ್ಧಕ್ಕರ್ಧ ಜನರ ಮನೆಮಾತು ತುಳು, ಅದು ಮುಖ್ಯವಾಗಿ ಅಚ್ಚಾಗುತ್ತಿರುವುದು ಕನ್ನಡ ಲಿಪಿಯಲ್ಲಿ. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್ ಲಿಪಿಗಳಲ್ಲಿ ಬರೆಯುತ್ತಾರೆ. ವಿದ್ವಾಂಸರು ಅಕ್ಷರಗಳ ಮೇಲೆ ಗೆರೆ, ಕೆಳಗೆ ಚುಕ್ಕೆ ಇಟ್ಟು ಕನ್ನಡವನ್ನು ರೋಮನ್ ಲಿಪಿಯಲ್ಲಿ ಚೊಕ್ಕಟವಾಗಿ ಬರೆದಿದ್ದಾರೆ. ಆದರೆ ಮೊಬೈಲಿನ ಬರಹಕ್ಕೆ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಆ ಬರಹದಲ್ಲಿ ಬೆಳೆಯೂ ಬೇಳೆಯೂ ಒಂದೇ, ಹಳ್ಳಿಯೂ ಹಲ್ಲಿಯೂ ಒಂದೇ, ಹತ್ತಿಯೂ ಹಟ್ಟಿಯೂ ಒಂದೇ. ಅಂದರೆ ಮುಂಬಯಿಯ ತಪ್ಪು, ದೆಹಲಿಯ ತಪ್ಪು, ಅವೆರಡರಲ್ಲಿಯೂ ಇಲ್ಲದ ಇನ್ನೊಂದು ತಪ್ಪು ಒಂದೇ ಬರಹದಲ್ಲಿ ಸೇರಿಕೊಂಡು, ತಪ್ಪೆಂದು ಕಾಣದಂತೆ ಮುಚ್ಚಿಹೋಗುತ್ತವೆ. ಕನ್ನಡವನ್ನು ಚೆನ್ನಾಗಿ ಬಲ್ಲ ನಮಗೆ ಆ ಬರಹ ಅರ್ಥವಾಗುತ್ತದೆ, ಸಂದರ್ಭವನ್ನು ನೋಡಿ ನಾವು ತುಂಬಿಕೊಳ್ಳುತ್ತೇವೆ. ಭೇದವನ್ನು ಇನ್ನೂ ಕಲಿಯಬೇಕಾಗಿರುವ ಮಗುವಿಗೆ ಅದರಲ್ಲಿ ಕಲಿಯಲು ಏನೂ ಇಲ್ಲ. ಮೊಬೈಲಿನ ಕನ್ನಡ ಕೀಲಿಮಣೆ ತಾನೇ ಪದವನ್ನು ಸೂಚಿಸುತ್ತದಲ್ಲ ಎಂಬ ಸಮಾಧಾನವೂ ಸಲ್ಲದು. ಬೆಳೆಯೂ ಸರಿಯಾದ ಪದ, ಬೇಳೆಯೂ ಸರಿಯಾದ ಪದ, ಬೆರಳು ಯಾವುದನ್ನು ಒತ್ತಬೇಕೆಂಬುದನ್ನು ಕೊನೆಗೆ ಕಿವಿಯೇ ತೀರ್ಮಾನಿಸಬೇಕು.

ಇದುವರೆಗೆ ಹೇಳಿದ್ದು ಅಕ್ಷರದ ವಿಚಾರ. ನನಗೆ ನಿಜವಾಗಿ ಕಳವಳವನ್ನುಂಟುಮಾಡಿದ್ದು ವಾಕ್ಯ. ತಂದೆ ಊರಿಗೆ ಹೋಗಿ ನಾನು ಶಾಲೆಗೆ ಹೋದೆ ಎಂದು ಒಬ್ಬನು ಬರೆದಿದ್ದಾನೆ. ಹೋಗಿ ಎಂಬ ಕೃದಂತದ ಕರ್ತೃವೂ ಹೋದೆ ಎಂಬ ಕ್ರಿಯೆಯ ಕರ್ತೃವೂ ಒಬ್ಬನೇ ಆಗಿರಬೇಕು, ಬೇರೆಬೇರೆಯಾದರೆ ಹೋದ ಮೇಲೆ ಎನ್ನಬೇಕು. ಇದನ್ನು ನಮ್ಮ ತಾಯಂದಿರು ವ್ಯಾಕರಣವನ್ನು ಓದದೆಯೇ ಬಲ್ಲರು. ಯಾವ ಹುಡುಗ ನಿನ್ನೆ ಬಂದಿದ್ದನೋ ಅವನು ನನ್ನ ಮಿತ್ರನಾಗಿದ್ದಾನೆ ಎಂಬ ವಾಕ್ಯವಂತೂ ಬಹುಪಾಲು ಪ್ರಬಂಧಗಳಲ್ಲಿ ಬೇರೆಬೇರೆ ವೇಷದಲ್ಲಿ ಬಂದಿದೆ. ನಿನ್ನೆ ಬಂದಿದ್ದ ಹುಡುಗ ನನ್ನ ಮಿತ್ರ ಎಂಬ ನಾಲ್ಕೈದು ಪದಗಳ ಕನ್ನಡವು ಹಿಂದಿ, ಮರಾಠಿಯ ಅಚ್ಚಿನಲ್ಲಿ ಎರಕವಾಗಿ ಈ ರೂಪ ತಾಳಿದೆ. ಅಕ್ಷರದ ತಪ್ಪು ಮೈಮೇಲಿನ ಗಾಯ, ತೊಳೆದು ಮದ್ದು ಹಚ್ಚಿದರೆ ಮಾಯುತ್ತದೆ. ವಾಕ್ಯದ ತಪ್ಪು ಮೂಳೆಯದು. ಕಾಗುಣಿತಕ್ಕೆ ಅಂಕ ಕಳೆಯುವುದೋ ಬಿಡುವುದೋ ಎಂದು ನಾವು ಚರ್ಚಿಸುತ್ತಿರುವಾಗ ಯಾರೂ ವಾಕ್ಯದ ಕಡೆ ನೋಡುತ್ತಲೇ ಇಲ್ಲ.

ಶಾಲೆಗಳೂ ನೋಡುತ್ತಿಲ್ಲ. ಇದು ಹೊರನಾಡಿನ ಮಾತಷ್ಟೇ ಅಲ್ಲ, ಒಳನಾಡಿನ ಕನ್ನಡ ಶಾಲೆಗಳಲ್ಲಿ ಕಲಿತು ಬಂದ ತರುಣರ ಬರಹವನ್ನೂ ನಾನು ನೋಡಿದ್ದೇನೆ. ವ್ಯಾಕರಣ ಪಾಠ ನಿಂತಿಲ್ಲ, ಹೆಚ್ಚಿದೆ. ಮಳೆಗಾಲ ಪದವನ್ನು ಬಿಡಿಸಿ ಸಂಧಿಯನ್ನು ಹೆಸರಿಸಿರಿ ಎಂದರೆ ಮಳೆ, ಕಾಲ, ಆದೇಶಸಂಧಿ ಎಂದು ಥಟ್ಟನೆ ಉತ್ತರ ಬರುತ್ತದೆ. ಅದೇ ಹುಡುಗ ಮರುಪುಟದ ಪ್ರಬಂಧದಲ್ಲಿ ಮಳೆ ಕಾಲ ಎಂದೇ ಬಿಡಿಸಿ ಬರೆಯುತ್ತಾನೆ, ಮನೆಅನ್ನು, ಗುರುಯನ್ನು ಎಂದು ಬರೆಯುತ್ತಾನೆ. ಯಕಾರಾಗಮ, ವಕಾರಾಗಮಗಳ ಹೆಸರು ಅವನಿಗೆ ಕಂಠಪಾಠ, ಅವು ತನ್ನ ಬರಹದಲ್ಲಿಯೂ ಆಗಬೇಕೆಂಬುದು ಮಾತ್ರ ತಿಳಿಯದು. ಈಜಿನ ವಿಧಾನಗಳ ಹೆಸರನ್ನು ಬಾಯಿಪಾಠ ಮಾಡಿಸಿ, ನೀರಿಗೆ ಇಳಿಸದೆ ತೇರ್ಗಡೆ ಮಾಡಿದಂತಾಯಿತು. ಗುರುತು ಹಾಕುವ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು ಹೆಚ್ಚಿದಂತೆ ಮಗು ತಾನಾಗಿ ಹತ್ತು ವಾಕ್ಯಗಳನ್ನು ಒಂದರ ಹಿಂದೆ ಒಂದು ಬರೆಯುವ ಸಂದರ್ಭಗಳು ಕಡಿಮೆಯಾದವು. ಬರೆಯುವ ಒಂದೆರಡು ಪ್ರಬಂಧಗಳೂ ಮಾರ್ಗದರ್ಶಿಯಿಂದ ಎತ್ತಿದವು. ಎಂಟನೆಯ ತರಗತಿಯವರೆಗೆ ಯಾರನ್ನೂ ಅನುತ್ತೀರ್ಣ ಮಾಡಕೂಡದೆಂಬ 2009ರ ಶಿಕ್ಷಣ ಹಕ್ಕು ಕಾಯಿದೆಯ ನಿಯಮವೇ ಇದಕ್ಕೆಲ್ಲ ಕಾರಣವೆಂದು ಹೇಳುವವರಿದ್ದಾರೆ. 2019ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಬಂದು ಪರೀಕ್ಷೆ ನಡೆಸಿ ತಡೆಹಿಡಿಯುವ ಅವಕಾಶ ರಾಜ್ಯಗಳಿಗೆ ದೊರೆಯಿತು. ಅನುತ್ತೀರ್ಣನಾಗುವ ಭಯದಿಂದ ವಾಕ್ಯರಚನೆ ಬರುತ್ತದೆಂದು ನನಗೆ ತೋರುವುದಿಲ್ಲ.

ನಾನು ಕೆಲವು ಕಾಲ ಈ ನಗರದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿದವನು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲು ಒರೆಸಿ, ರಾತ್ರಿ ಎಂಟು ಗಂಟೆಗೆ ಕಣ್ಣುಜ್ಜಿಕೊಳ್ಳುತ್ತ ಬರುತ್ತಿದ್ದ ಹುಡುಗರು ಅವರು. ಹೆಚ್ಚಿನವರು ಕರಾವಳಿಯವರು, ಮನೆಯಲ್ಲಿ ತುಳು, ಕೆಲಸದಲ್ಲಿ ಹಿಂದಿ, ಮರಾಠಿ. ಆದರೂ ಅವರ ಕನ್ನಡ ಇಂದಿನ ಪ್ರಬಂಧಗಳ ಕನ್ನಡಕ್ಕಿಂತ ನೇರವಾಗಿತ್ತು. ಶಾಲೆಯಲ್ಲಿ ವಾರಕ್ಕೆರಡು ದಿನ ಉಕ್ತಲೇಖನವಿತ್ತು, ಅದೊಂದು ಕಾರಣ. ವೃತ್ತಪತ್ರಿಕೆಯ ಅರ್ಧ ಅಂಕಣವನ್ನು ನಿಧಾನವಾಗಿ ಓದುವುದು, ಅವರು ಬರೆಯುವುದು, ಬಳಿಕ ಪಕ್ಕದವನ ಪುಸ್ತಕವನ್ನು ತಿದ್ದುವುದು. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ಅವರಿಗೆ ಬರೆಯಬೇಕಾದ ಅಗತ್ಯವಿತ್ತು. ತಿಂಗಳಿಗೊಮ್ಮೆ ತಾಯಿಗೆ ಮನಿಯಾರ್ಡರು ಹೋಗುತ್ತಿತ್ತು, ಜೊತೆಗೆ ಒಂದು ಇನ್‌ಲ್ಯಾಂಡ್ ಕಾಗದ. ತಾಯಿಗೆ ಓದು ಬಾರದಿದ್ದರೆ ನೆರೆಮನೆಯವರೋ ಅಂಚೆಯವನೋ ಓದಿ ಹೇಳಬೇಕು. ಒಮ್ಮೆ ಒಬ್ಬ ಹುಡುಗ, ದೊಡ್ಡಪ್ಪನಿಗೆ ಸಾಲದ ಹಣ ಕೊಡಬೇಕು ಎಂದು ಬರೆಯುವಲ್ಲಿ ಎಂತಹ ಅವಸರದಲ್ಲಿದ್ದನೋ, ಬೇಡ ಎಂದು ಓದಿಕೊಳ್ಳುವಂತೆ ಗೀಚಿಬಿಟ್ಟಿದ್ದ. ಊರಿನಲ್ಲಿ ಜಗಳವಾಗಿ, ದೊಡ್ಡಪ್ಪ ಮುನಿಸಿಕೊಂಡು, ಮೂರು ತಿಂಗಳ ಮೇಲೆ ಸಂಗತಿ ಸ್ಪಷ್ಟವಾಯಿತು. ಆಮೇಲೆ ಆ ಹುಡುಗ ಪ್ರತಿ ಕಾಗದವನ್ನೂ ಅಂಟಿಸುವ ಮೊದಲು ನನ್ನ ಮೇಜಿನ ಮೇಲಿಟ್ಟು, ಒಮ್ಮೆ ನೋಡಿ ಮಾಸ್ತರೆ ಎನ್ನುತ್ತಿದ್ದ. ನಾನು ಯಾವ ಅಂಕವನ್ನೂ ಕಳೆಯಬೇಕಾಗಿ ಬರಲಿಲ್ಲ.

ನಮ್ಮ ಇಂದಿನ ಮಗುವಿನ ಕನ್ನಡ ಬರಹಕ್ಕೆ ಓದುಗನಿಲ್ಲ. ಅಜ್ಜಿಯ ಮುಖವನ್ನು ಅದು ಮೊಬೈಲಿನಲ್ಲಿ ನೋಡಿ ಮಾತನಾಡುತ್ತದೆ, ಸಂತೋಷವೇ. ಆದರೆ ವರ್ಷಕ್ಕೊಮ್ಮೆ ಸಂಘದ ಸಭಾಂಗಣದಲ್ಲಿ ಪರಿಸರ ಮಾಲಿನ್ಯ ಎಂಬ ವಿಷಯದ ಮೇಲೆ ಮೂರು ಪುಟ ಬರೆ ಎಂದರೆ, ಅದನ್ನು ಓದುವವನು ನಾನೊಬ್ಬನೆ, ಅದೂ ಕೆಂಪು ಪೆನ್ನು ಹಿಡಿದುಕೊಂಡು. ಪರಿಸರ ಮಾಲಿನ್ಯದ ಬಗ್ಗೆ ಆ ಮಗುವಿಗೆ ನನ್ನೊಡನೆ ಹೇಳಿಕೊಳ್ಳುವಂತಹದು ಏನೂ ಇರುವುದಿಲ್ಲ. ಸ್ವಂತ ವಾಕ್ಯ ಹುಟ್ಟದ ಕಡೆ ಎರವಲು ವಾಕ್ಯ ಬಂದು ಕುಳಿತುಕೊಳ್ಳುತ್ತದೆ.

ಆದುದರಿಂದ ಸಮಿತಿಯವರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಬರಹ ಕನ್ನಡ ಲಿಪಿಯಲ್ಲಿಯೇ ಇರಲಿ. ಶಕಾರ, ಷಕಾರದಂತಹ, ಕಿವಿಗೆ ಸಿಕ್ಕದ ತಪ್ಪುಗಳನ್ನು ತಿದ್ದಿ ತೋರಿಸೋಣ, ಅಂಕ ಕಳೆಯುವುದು ಬೇಡ. ಅರ್ಥವನ್ನು ಕೆಡಿಸುವ ಹ್ರಸ್ವದೀರ್ಘ, ಲಳ ಭೇದಗಳಿಗೆ ಅಂಕವಿರಲಿ, ಆದರೆ ಸ್ಪರ್ಧೆಗೆ ಮುನ್ನ ಆಯಾ ಊರಿನ ಸಂಘವು ತನ್ನ ಊರಿನ ತಪ್ಪು ಯಾವುದೆಂದು ನೋಡಿಕೊಂಡು ಎಂಟು ಭಾನುವಾರ ಉಕ್ತಲೇಖನ ನಡೆಸಬೇಕು. ಮುಂಬಯಿಯ ತರಗತಿಯನ್ನು ನಾನು ತೆಗೆದುಕೊಳ್ಳಲು ಸಿದ್ಧನಿದ್ದೇನೆ. ಹಿರಿಯರು ಬಂದು ಒಂದು ಬೆಂಚಿನಲ್ಲಿ ಕುಳಿತು ಮಹಾಪ್ರಾಣಗಳನ್ನು ಬರೆದರೆ ಇನ್ನೂ ಒಳ್ಳೆಯದು, ತಿದ್ದಲು ಮಕ್ಕಳೇ ಇರುತ್ತಾರೆ.

ಪ್ರಬಂಧದ ಬದಲು ಮುಂದಿನ ವರ್ಷ ಪತ್ರಲೇಖನ ಸ್ಪರ್ಧೆ ಇಡಿ. ಮಗು ಊರಿನಲ್ಲಿರುವ ಅಜ್ಜನಿಗೋ ಸೋದರತ್ತೆಗೋ ಕೈಯಾರೆ ಪತ್ರ ಬರೆಯಲಿ, ಸಂಘವು ಅದನ್ನು ತಿದ್ದದೆ ಹಾಗೆಯೇ ಅಂಚೆಗೆ ಹಾಕಲಿ. ಪತ್ರ ತಲುಪಿದವರು ತಮಗೆ ಅರ್ಥವಾಗದ ಕಡೆಗಳಲ್ಲಿ ಅಡಿಗೆರೆ ಹಾಕಿ, ಉತ್ತರದೊಡನೆ ಹಿಂದಿರುಗಿಸಬೇಕು. ನಮಗೆ ಬಂದು ಸೇರಿದ ಜೋಡಿ ಪತ್ರಗಳನ್ನು ನೋಡಿ ಬಹುಮಾನ ಕೊಡೋಣ. ಊರಿನಲ್ಲಿ ಬರೆಯುವವರು ಯಾರೂ ಉಳಿದಿಲ್ಲದ ಮಕ್ಕಳಿದ್ದಾರೆ, ಅವರು ಚೆನ್ನೈ, ದೆಹಲಿ ಸಂಘಗಳ ಮಕ್ಕಳಿಗೆ ಬರೆಯಲಿ. ಹಲ್ಲಿಗೆ ಹೋದ ಹುಡುಗಿಯ ಪತ್ರವನ್ನು ಕುಡಿಗೆ ಹೋದ ಹುಡುಗ ಓದಲಿ. ಬರುವ ಹೋಗುವ ಅಂಚೆಯ ವೆಚ್ಚವನ್ನು ಬಹುಮಾನದ ಬೆಳ್ಳಿ ಬಟ್ಟಲುಗಳ ಬಾಬಿನಿಂದ ತೆಗೆಯಬಹುದೆಂದು ಖಜಾಂಚಿಯವರೊಡನೆ ಕೇಳಿಕೊಂಡಿದ್ದೇನೆ, ಅವರು ಇನ್ನೂ ಒಪ್ಪಿಲ್ಲ. ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿ.